ಲಾಂಚಿನಣ್ಣನ ಬಿಡುಗಡೆ

ಹೋದ ತಿಂಗಳು ಬಟ್ಟೆ ಒಣಹಾಕಲು ಹಗ್ಗ ಬೇಕೆಂದು ಸಾಗರದ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ನೈಲಾನ್ ಸುರುಳಿಗೆ ಕೈ ಹಾಕುವ ಮೊದಲು ಅಡ್ಡ ಬಿದ್ದಿದ್ದ ಇನ್ನೊಂದು ಹಳೆಯ ಹಗ್ಗವನ್ನು ಪಕ್ಕಕ್ಕೆ ಎಳೆದರು. ಮುಂಗೈಯಷ್ಟು ದಪ್ಪ, ಜಿಡ್ಡು ಹಿಡಿದು ಕಪ್ಪಾದದ್ದು. ಡೀಸೆಲ್ಲು, ಹಸಿ ನಾರು, ನೀರಿನ ತಳದ ಕೆಸರು ಎಲ್ಲ ಸೇರಿದ ವಾಸನೆಯೊಂದು ಎದ್ದು ಬಂತು. "ಲಾಂಚಿಂದು, ಗುಜರಿಗೆ ಬಂದಿತ್ತು" ಅಂದರು. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ವಾಸನೆಯ ಹಿಂದೆಯೇ ಮಂಜು ಬಂತು, ಮಂಜಿನ ಹಿಂದೆ ನೀರು, ನೀರಿನ ಅಂಚಿನಲ್ಲಿ ಹಗ್ಗ ಹಿಡಿದು ನಿಂತ ಅವರು...

ಶರಾವತಿ ಹಿನ್ನೀರಿನ ಆಚೆ ದಡದ ಶಾಲೆಯೊಂದರಲ್ಲಿ ನಾನು ಬಹಳ ವರ್ಷ ಇಂಗ್ಲಿಷ್ ಪಾಠ ಮಾಡಿದೆ. ಮನೆ ಸಾಗರದಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ದಡದವರೆಗೆ, ಅಲ್ಲಿಂದ ಲಾಂಚು. ಸಿಗಂದೂರಿಗೆ ಹೊರಟವರ ಕಾರು, ಜೀಪು, ಮೀನಿನ ಬುಟ್ಟಿ, ಗ್ಯಾಸ್ ಸಿಲಿಂಡರು, ನಾವು ಕೆಲವು ಟೀಚರುಗಳು, ಎಲ್ಲರೂ ಆ ಕಬ್ಬಿಣದ ಹಾಸಿನ ಮೇಲೆ ಒಟ್ಟಿಗೆ ನಿಂತು ದಾಟುತ್ತಿದ್ದೆವು. ದಡ ಹತ್ತಿರವಾದಾಗ ಹಗ್ಗ ಎಸೆದು ಗೂಟಕ್ಕೆ ಬಿಗಿಯುವವರು ಒಬ್ಬರಿದ್ದರು. ದಿನಗೂಲಿಯ ಕೆಲಸ. ಎತ್ತರದ ಆಳು, ಒಪ್ಪವಾಗಿ ಕತ್ತರಿಸಿದ ಬಿಳಿ ಮೀಸೆ. ಮಳೆ ಇರಲಿ ಬಿಸಿಲಿರಲಿ, ಬೆನ್ನು ಬಗ್ಗಿಸಿ ನಿಂತದ್ದನ್ನು ಕಂಡವರಿಲ್ಲ. ಎಲ್ಲರಿಗೂ ಅವರು ಲಾಂಚಿನಣ್ಣ. ಹೆಣ್ಣು ಟೀಚರನ್ನು ಕರೆಯುವ ನಮ್ಮ ಕಡೆಯ ರೂಢಿಯಂತೆ ನಾನು ಅವರಿಗೆ ಅಕ್ಕೋರು.

ಚಳಿಗಾಲದ ಬೆಳಿಗ್ಗೆಗಳಲ್ಲಿ ಆಚೆ ದಡ ಕಾಣುತ್ತಿರಲಿಲ್ಲ. ಈಚೆ ದಡವೂ ಸ್ವಲ್ಪ ಹೊತ್ತಿಗೆ ಅಳಿಸಿಹೋಗುತ್ತಿತ್ತು. ಮುಳುಗಿದ ಕಾಡಿನ ಒಣ ಬೊಡ್ಡೆಗಳು ಮಂಜಿನೊಳಗಿಂದ ಒಂದೊಂದಾಗಿ ಬಂದು ನಮ್ಮನ್ನು ನೋಡಿ ಹಿಂದೆ ಸರಿಯುತ್ತಿದ್ದವು. ಲಾಂಚು ನಿಂತೇ ಇದೆ, ನೀರೇ ಹೋಗುತ್ತಿದೆ ಅನ್ನಿಸುತ್ತಿತ್ತು. ಆಗ ಯಾರೂ ಮಾತಾಡುತ್ತಿರಲಿಲ್ಲ. ಲಾಂಚಿನಣ್ಣ ಮಾತ್ರ ಮುಂದುಗಡೆ ನಿಂತು, ನಮಗೆ ಕಾಣದ ಏನನ್ನೋ ನೋಡುತ್ತಿರುವಂತೆ ಇರುತ್ತಿದ್ದರು.

ಅವರು ಮಿಲಿಟರಿಯಲ್ಲಿ ಇದ್ದವರು ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಒಂದು ವರ್ಷ ಆಗಸ್ಟ್ ಹದಿನೈದಕ್ಕೆ ನಮ್ಮ ಹೆಡ್‌ಮಾಸ್ತರರು ಅವರನ್ನೂ ಕರೆದರು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದರು. ಅತಿಥಿಯಾಗಿ ಬಂದಿದ್ದ ಇನ್ನೊಬ್ಬ ನಿವೃತ್ತ ಯೋಧರು ಸಲುಗೆಯಿಂದಲೇ ವಿಚಾರಿಸಿದರು. ಯಾವ ದಳ, ಎಷ್ಟು ಸರ್ವಿಸು, ಪೆನ್ಶನ್ ಯಾಕೆ ಬರುವುದಿಲ್ಲ... ಲಾಂಚಿನಣ್ಣ ಮಕ್ಕಳ ಸಾಲಿನ ಎದುರಿಗೇ, ಹಾಜರಿ ಹೇಳುವ ದನಿಯಲ್ಲಿ ಅಂದರು, "ನನ್ನನ್ನ ತೆಗೆದು ಹಾಕಿದ್ರು ಸರ್. ಡಿಸ್ಮಿಸ್." ಆ ಯೋಧರ ಮುಖ ಸಣ್ಣದಾಯಿತು. ಕುರ್ಚಿಯನ್ನು ತುಸು ಆಚೆ ಸರಿಸಿಕೊಂಡರು. ಧ್ವಜ ಹಾರಿಸುವ ಹೊತ್ತಿಗೆ ಲಾಂಚಿನಣ್ಣ ಅಲ್ಲಿರಲಿಲ್ಲ.

ಮರುದಿನ ಅವರಾಗಿ ಮಾತು ತೆಗೆದರು. ಆಮೇಲಿನ ಎಷ್ಟೋ ದಾಟುವಿಕೆಗಳಲ್ಲಿ, ತುಂಡುತುಂಡಾಗಿ, ದಡ ಬಂದಾಗ ನಿಲ್ಲಿಸಿ, ಮತ್ತೆ ದಡ ಬಿಟ್ಟಾಗ ಹಿಡಿದುಕೊಂಡು, ಅಷ್ಟನ್ನೂ ಹೇಳಿದರು. ಯಾವುದು ಅವರು ಹೇಳಿದ್ದು, ಯಾವುದು ನಾನೇ ಆ ಮಂಜಿನಲ್ಲಿ ಕಂಡದ್ದು ಎಂದು ಈಗ ಬಿಡಿಸಿ ಹೇಳಲಾರೆ.

ಉತ್ತರದ ಹಿಮದ ಬೆಟ್ಟಗಳಲ್ಲಿ ಅವರ ಕೆಲಸ ಹೇಸರಗತ್ತೆಗಳನ್ನು ನೋಡಿಕೊಳ್ಳುವುದು. ಲಾರಿ ಹೋಗದ ಕಡೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಹೊರುವುದು ಅವೇ. ಅವರ ಪಾಲಿಗೆ ಬಂದದ್ದರ ಹೆಸರು ರೇಷ್ಮಾ. ಚಳಿಯಲ್ಲಿ ಅದರ ಕುತ್ತಿಗೆಗೆ ಕೈ ಒತ್ತಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರಂತೆ. ಒಂದು ದಿನ ಇಳಿಜಾರಿನಲ್ಲಿ ರೇಷ್ಮಾ ಜಾರಿ ಬಿದ್ದಳು. ಎರಡು ಕಾಲು ಮುರಿದವು. ಮೇಲೆ ಹಿಮ ಗುಡ್ಡೆಗಟ್ಟಿತ್ತು, ಸಂಜೆಯೊಳಗೆ ಠಾಣ್ಯ ಸೇರಬೇಕಿತ್ತು. ತಂಡದ ಮುಖ್ಯಸ್ಥ ಹವಾಲ್ದಾರರು, ನಮ್ಮದೇ ತೀರ್ಥಹಳ್ಳಿ ಕಡೆಯವರು, ಅದನ್ನು ಅಲ್ಲೇ ಬಿಟ್ಟು ನಡೆಯಿರಿ ಎಂದರು. ಒಂದು ಗುಂಡು ಹೊಡೆದು ನೋವು ಮುಗಿಸಲು ಇವರು ಅಪ್ಪಣೆ ಕೇಳಿದರು. ಸದ್ದಿಗೆ ಹಿಮ ಕುಸಿದು ಎಲ್ಲರೂ ಸತ್ತಾರು, ಗಡಿಯೂ ಹತ್ತಿರ, ಕೂಡದು ಎಂದರು ಹವಾಲ್ದಾರರು. ತಂಡ ಹೊರಟಿತು. ಹಿಂದಿನಿಂದ ರೇಷ್ಮಾ ಕೂಗುತ್ತಿದ್ದಳು...

"ಸ್ವಲ್ಪ ದೂರ ಹೋದೆ ಅಕ್ಕೋರೆ. ಆಮೇಲೆ ಕಾಲೇ ಬರ್ಲಿಲ್ಲ."

ತಮ್ಮ ಬಳಿ ಬಂದೂಕಿಲ್ಲದ ಲಾಂಚಿನಣ್ಣ ಹವಾಲ್ದಾರರ ಬಂದೂಕಿಗೆ ಕೈ ಹಾಕಿದರು. ಅವರು ಬಿಡಲಿಲ್ಲ. ಕಿತ್ತುಕೊಂಡು, ಅದರ ಹಿಡಿಯಿಂದಲೇ ಅವರ ಹಣೆಗೆ ಹೊಡೆದರು. ಹಿಂದಕ್ಕೆ ಓಡಿ ಗುಂಡು ಹಾರಿಸಿದರು. ಹಿಮ ಕುಸಿಯಲಿಲ್ಲ. ಬೆಟ್ಟ ಸುಮ್ಮನೆ ಆ ಸದ್ದನ್ನು ಬಹಳ ಹೊತ್ತು ಇಟ್ಟುಕೊಂಡಿತ್ತಂತೆ. ಆಮೇಲೆ ವಿಚಾರಣೆ, ಕೆಲವು ತಿಂಗಳ ಸೆರೆ, ವಜಾ.

ಅವರು ಇದನ್ನೆಲ್ಲ ಹೇಳಿದ ವರ್ಷದ ಚಳಿಗಾಲದಲ್ಲಿ ರಜೆಯ ಮೇಲೆ ಊರಿಗೆ ಬಂದಿದ್ದ ಸೈನಿಕನೊಬ್ಬ, ಹೆಂಡತಿಯೊಡನೆ ಸಿಗಂದೂರಿಗೆ ಹೋಗುವಾಗ, ಮಾತಿಗೆ ಮಾತು ಬಂದು ಹೇಳಿದ. ಅರ್ಜಿ ಕೊಟ್ಟರೆ ಎಷ್ಟೋ ಪ್ರಕರಣಗಳಲ್ಲಿ 'ವಜಾ' ಎಂಬುದನ್ನು 'ಬಿಡುಗಡೆ' ಎಂದು ಬದಲಾಯಿಸುತ್ತಾರೆ ಎಂದು. ಆ ಸಂಜೆ ಲಾಂಚಿನಣ್ಣ ಹಗ್ಗ ಬಿಗಿದು ನನ್ನ ಜೊತೆ ಬಸ್‌ಸ್ಟಾಪಿನವರೆಗೂ ನಡೆದು ಬಂದರು.

"ದುಡ್ಡು ಬ್ಯಾಡ. ಆ ಮಾತೊಂದು ತೆಗೀಲಿ. ಇಂಗ್ಲಿಷಲ್ಲಿ ಬರ್ದು ಕೊಡ್ತೀರಾ?"

ಸಾಗರದ ವಕೀಲರೊಬ್ಬರ ಹತ್ತಿರ ಹೋದೆವು. ಒಳ್ಳೆಯ ಮನುಷ್ಯರು. ಎತ್ತರದ ಬೆಟ್ಟದಲ್ಲಿ ಉಸಿರು ಸಾಲದೆ ಬುದ್ಧಿ ಭ್ರಮಿಸಿತ್ತು, ಮಾಡಿದ್ದಕ್ಕೆಲ್ಲ ಪಶ್ಚಾತ್ತಾಪವಿದೆ ಎಂದು ಬರೆದರೆ ದಾರಿ ಸುಲಭ ಅಂದರು. ಲಾಂಚಿನಣ್ಣ ತಲೆ ಅಲ್ಲಾಡಿಸಿದರು.

"ಬುದ್ಧಿ ಸರಿ ಇತ್ತು. ಹೊಡೆದದ್ದು ತಪ್ಪು, ಅದಕ್ಕೆ ಅವ್ರ ಕಾಲು ಬೇಕಾದ್ರೂ ಹಿಡೀತೀನಿ. ಗುಂಡು ಹಾರಿಸಿದ್ದು ತಪ್ಪು ಅಂತ ಮಾತ್ರ ಬರೀಬ್ಯಾಡಿ."

"ಹಂಗಾದ್ರೆ ಅರ್ಜಿ ನಿಲ್ಲೋದು ಕಷ್ಟ ಮಾರಾಯ್ರೆ," ಎಂದ ವಕೀಲರು ಸ್ವಲ್ಪ ಹೊತ್ತು ಯೋಚಿಸಿ, ಹೊಡೆತ ತಿಂದ ಹವಾಲ್ದಾರರೇ ತಮ್ಮ ತಕರಾರಿಲ್ಲ ಎಂದು ಹೇಳಿಕೆ ಕೊಟ್ಟರೆ ಅದಕ್ಕೊಂದು ತೂಕವಿರುತ್ತದೆ ಎಂದರು.

ಹವಾಲ್ದಾರರು ಬದುಕಿದ್ದಾರೆ, ತೀರ್ಥಹಳ್ಳಿಯಲ್ಲೇ ಇದ್ದಾರೆ ಎಂಬುದು ಲಾಂಚಿನಣ್ಣನಿಗೆ ಮೊದಲಿನಿಂದಲೂ ಗೊತ್ತಿತ್ತು. ಅರ್ಧ ದಿನದ ದಾರಿಯಾಚೆ ಅಷ್ಟು ಕಾಲ ಇಬ್ಬರೂ ಇದ್ದರು. ಆ ಊರಿನ ಹೆಸರು ಬರೆದ ಬಸ್ಸನ್ನು ಇವರು ಒಮ್ಮೆಯೂ ಹತ್ತಿರಲಿಲ್ಲ.

ಒಂದು ಭಾನುವಾರ ಹೊರಟೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಸರಳು ಹಿಡಿದುಕೊಂಡೇ ಇದ್ದರು. ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸಲು ಇಳಿದಾಗ, "ವಾಪಸ್ ಹೋಗೋಣ ಅಕ್ಕೋರೆ" ಅಂದರು. ನಾನು ಒಂದು ಗ್ಲಾಸು ಚಹಾ ತಂದುಕೊಟ್ಟೆ. ಕುಡಿದರು. ತೀರ್ಥಹಳ್ಳಿಯ ಬಸ್ಸು ಬಂದಾಗ ನನಗಿಂತ ಮೊದಲು ಅವರೇ ಹತ್ತಿದರು.

ತುಂಗೆಯ ಸೇತುವೆಯಿಂದ ತುಸು ದೂರದ ಒಂದು ಸಣ್ಣ ತಾರಸಿ ಮನೆ. ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸ್ವೆಟರು ತೊಟ್ಟ ಮುದುಕರೊಬ್ಬರು ರಸ್ತೆ ನೋಡುತ್ತಾ ಕೂತಿದ್ದರು. ಎಡಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ. ಲಾಂಚಿನಣ್ಣ ಗೇಟಿನೊಳಗೆ ಬಂದವರೇ ನೆಟ್ಟಗೆ ನಿಂತು, "ರಾಮ್ ರಾಮ್ ಸಾಬ್" ಎಂದರು. ಮುದುಕರು ನೋಡಿದರು. ಅಪರಿಚಿತರನ್ನು ನೋಡುವಂತೆಯೂ ಅಲ್ಲ, ಪರಿಚಿತರನ್ನು ನೋಡುವಂತೆಯೂ ಅಲ್ಲ.

ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. "ಇವ್ರಿಗೆ ಈಗ ಯಾರ ಗುರ್ತೂ ಹತ್ತದಿಲ್ಲ ಮಾರಾಯ್ರೆ. ಒಂದೊಂದ್ಸಲ ನಂಗೇ ನರ್ಸಮ್ಮ ಅಂತಾರೆ. ನೀವು ಯಾರು ಅಂತ ಗೊತ್ತಾಗ್ಲಿಲ್ಲ..."

ನಾವು ಬಂದ ಕೆಲಸ ಅಲ್ಲಿಗೇ ಮುಗಿಯಿತು ಅಂದುಕೊಂಡೆ. ಮರೆತವರಿಂದ ಯಾವ ಹೇಳಿಕೆ? ಅಷ್ಟರಲ್ಲಿ ಮುದುಕರು ಲಾಂಚಿನಣ್ಣನ ಕಡೆ ಬಾಗಿ, ಮೆಲ್ಲಗೆ, ಯಾರಿಗೂ ಕೇಳಬಾರದು ಎಂಬಂತೆ ಕೇಳಿದರು. "ರೇಷ್ಮಾ ಎಲ್ಲಿ?"

ಆ ಹೆಂಗಸಿನ ಮುಖ ಕೆಂಪಾಯಿತು. ನನ್ನ ತೋಳು ಹಿಡಿದು ಅಡುಗೆಮನೆಗೆ ಕರೆದೊಯ್ದರು. "ಯಾರ್ರೀ ಅವ್ಳು? ಮದ್ವೆಯಾದ ಹೊಸ್ದರಲ್ಲಿ ನಿದ್ದೆಗಣ್ಣಲ್ಲಿ ಈ ಹೆಸ್ರು ಹೇಳ್ತಿದ್ರು. ನಾ ಕೇಳ್ಲಿಲ್ಲ. ಯಾವ ಬಾಯಲ್ಲಿ ಕೇಳದು? ಈಗ ಎಲ್ಲಾ ಮರ್ತಿದಾರೆ, ಮಕ್ಕಳ ಹೆಸ್ರೂ ಮರ್ತಿದಾರೆ, ಸಂಜೆ ಆಯ್ತು ಅಂದ್ರೆ ಅವಳು ಮಾತ್ರ ಬೇಕು. ನೀವೂ ಹೆಂಗ್ಸು, ನಿಜ ಹೇಳಿ."

"ಅದು ಹೇಸರಗತ್ತೆ ಅಮ್ಮಾ," ಎಂದೆ.

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಒಲೆಯ ಮೇಲೆ ಹಾಲು ಉಕ್ಕಿತು. ಆರಿಸಲಿಲ್ಲ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ನಗುತ್ತಾ ನಗುತ್ತಾ ಕೆಳಗೆ ಕೂತು ಅತ್ತರು. ಬದುಕಿಡೀ ಒಬ್ಬ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆನಲ್ಲ ಎಂದು ಅತ್ತರೋ, ಅವಳು ಇರಲೇ ಇಲ್ಲ ಎಂಬ ಸಮಾಧಾನಕ್ಕೋ, ನನಗೆ ತಿಳಿಯಲಿಲ್ಲ.

ನಾವು ಹೊರಗೆ ಬಂದಾಗ ಲಾಂಚಿನಣ್ಣ ನೆಲದ ಮೇಲೆ, ಮುದುಕರ ಕಾಲ ಬಳಿ ಕೂತಿದ್ದರು. ಬಿಸಿಲು ಜಗಲಿಯಿಂದ ಇಳಿಯುತ್ತಿತ್ತು. ಮುದುಕರು ಅದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳುತ್ತಿದ್ದರು.

"ಅಲ್ಲೇ ಬಿಟ್ಟು ಬಂದ್ವಾ?"

"ಇಲ್ಲ ಸಾಬ್. ಬಿಡ್ಲಿಲ್ಲ. ಒಂದೇ ಗುಂಡು. ಅವಳಿಗೆ ಗೊತ್ತೇ ಆಗ್ಲಿಲ್ಲ."

"ಹಿಮ?"

"ಕುಸೀಲಿಲ್ಲ ಸಾಬ್. ಎಲ್ರೂ ಮನೆಗೆ ಬಂದ್ರು."

ಮುದುಕರು ಉಸಿರು ಬಿಟ್ಟರು. ಅಷ್ಟು ಉದ್ದದ ಉಸಿರನ್ನು ನಾನು ಕೇಳಿರಲಿಲ್ಲ. "ಒಳ್ಳೇದಾಯ್ತು," ಎಂದರು. ಲಾಂಚಿನಣ್ಣ ಕೈ ಎತ್ತಿ ಅವರ ಹಣೆಯ ಗೆರೆಯನ್ನು ಬೆರಳ ತುದಿಯಿಂದ ಮುಟ್ಟಿ, "ತಪ್ಪಾಯ್ತು ಸಾಬ್" ಎಂದರು. ಯಾವ ತಪ್ಪು ಎಂದು ಮುದುಕರಿಗೆ ಅರ್ಥವಾಗಲಿಲ್ಲ. "ನಿಮ್ದು ಕಾಫಿ ಆಯ್ತಾ?" ಎಂದು ಕೇಳಿದರು.

ಹೇಳಿಕೆಯನ್ನು ಕೊಟ್ಟದ್ದು ಆ ತಾಯಿ. ತಾವು ಆ ದಿನ ಕಂಡದ್ದನ್ನು, ಕೇಳಿದ್ದನ್ನು ತಮ್ಮ ಮಾತಿನಲ್ಲೇ ಹೇಳಿ ಸಹಿ ಹಾಕಿದರು. ಕಾನೂನಿನ ಪ್ರಕಾರ ಇದಕ್ಕೆ ಬೆಲೆ ಕಡಿಮೆ ಎಂದರೂ ವಕೀಲರು ಅದನ್ನು ಅರ್ಜಿಗೆ ಸೇರಿಸಿದರು. ಲಾಂಚಿನಣ್ಣ ಬೇಡವೆಂದ ವಾಕ್ಯವನ್ನು ನಾನು ಬರೆಯಲಿಲ್ಲ.

ಆಮೇಲೆ ಕಾಯುವುದು. ಹಿನ್ನೀರು ಇಳಿದು ಬೊಡ್ಡೆಗಳು ಮೇಲೆದ್ದವು, ಮತ್ತೆ ಮುಳುಗಿದವು, ಮತ್ತೆ ಎದ್ದವು. ಹೊಸ ಸೇತುವೆಯ ಕಂಬಗಳು ನೀರಿನಿಂದ ಒಂದೊಂದಾಗಿ ಬೆಳೆಯುತ್ತಿದ್ದವು. ಅರ್ಜಿಯ ಮಾತನ್ನು ಅವರೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಉತ್ತರ ಬಂದದ್ದು ಒಂದು ಮಳೆಗಾಲದ ಕೊನೆಯಲ್ಲಿ. ಶಿಕ್ಷೆಯನ್ನು ಆಗಲೇ ಅನುಭವಿಸಿದ್ದಾರೆ, ಅದಕ್ಕೆ ಮೊದಲಿನ ಸೇವೆಯಲ್ಲಿ ದೋಷವಿಲ್ಲ, ಆದ್ದರಿಂದ ವಜಾ ಎಂಬುದನ್ನು ಬಿಡುಗಡೆ ಎಂದು ಓದಿಕೊಳ್ಳತಕ್ಕದ್ದು, ಪೆನ್ಶನ್ ಇಲ್ಲ. ಲಾಂಚಿನ ಮೇಲೆ ನಿಂತು ಕನ್ನಡದಲ್ಲಿ ಹೇಳಿದೆ. ಇನ್ನೊಂದು ಸಲ ಹೇಳಿ ಅಂದರು. ಹೇಳಿದೆ. ಅವರ ತುಟಿ ಆ ಪದವನ್ನು ಸದ್ದಿಲ್ಲದೆ ಹೇಳಿಕೊಂಡಿತು. ಆಮೇಲೆ ತಿರುಗಿ ನೀರನ್ನು ನೋಡುತ್ತಾ ನಿಂತರು. ದಡ ಬಂದಾಗ ಮೊದಲ ಸಲ ಅವರ ಹಗ್ಗ ಗುರಿ ತಪ್ಪಿ ನೀರಿಗೆ ಬಿತ್ತು. ಡ್ರೈವರು ಬೈದ. ಅವರು ನಗುತ್ತಾ ಎಳೆದುಕೊಂಡರು.

"ತೀರ್ಥಳ್ಳಿಗೆ ಹೇಳ್ಬೇಕು," ಅಂದರು.

ಫೋನು ಮಾಡಿದೆ. ಹವಾಲ್ದಾರರು ಆಷಾಢದಲ್ಲೇ ತೀರಿಕೊಂಡಿದ್ದರು. ಅವರ ಹೆಂಡತಿ ಅಂದ ಮಾತನ್ನು ಹಾಗೆಯೇ ಲಾಂಚಿನಣ್ಣನಿಗೆ ಹೇಳಿದೆ. "ನೀವು ಬಂದು ಹೋದ್ಮೇಲೆ ಒಂದಿನಾನೂ ಅವಳನ್ನ ಕೇಳ್ಲಿಲ್ಲ. ಸಂಜೆ ಸುಮ್ನೆ ಕೂತಿರ್ತಿದ್ರು." ಲಾಂಚಿನಣ್ಣ ತಲೆಯಾಡಿಸಿದರು.

ಸೇತುವೆ ಮುಗಿಯುವ ಮೊದಲೇ ಅವರ ಮಂಡಿ ಸೋತಿತ್ತು. ಹೊಸನಗರದಲ್ಲಿದ್ದ ಮಗಳ ಮನೆಗೆ ಹೋದರು. ನಾನು ನಿವೃತ್ತಳಾದೆ. ಒಂದೆರಡು ಸಲ ಹೋಗಿ ನೋಡಿಕೊಂಡು ಬಂದೆ. ಹಿತ್ತಲಲ್ಲಿ ಮೊಮ್ಮಗಳ ಆಡುಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಈ ಕಾರ್ತಿಕದಲ್ಲಿ ತೀರಿಹೋದರು. ನನಗೆ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಈಗ ಆಚೆ ದಡಕ್ಕೆ ಬಸ್ಸಿನಲ್ಲೇ ಹೋಗಬಹುದು. ಹಿಡಿದ ಮಾತು ಮುಗಿಯುವುದರೊಳಗೆ ನೀರು ಹಿಂದೆ ಉಳಿದಿರುತ್ತದೆ. ಬೇಡ ಎನ್ನಲಾರೆ. ಆಚೆಯವರಿಗೆ ಆಸ್ಪತ್ರೆ ಹತ್ತಿರವಾಯಿತು. ಆದರೂ ಸೇತುವೆಯ ಮೇಲೆ ಮಂಜು ಕವಿದ ಬೆಳಿಗ್ಗೆ, ಬಸ್ಸಿನ ತುಂಬ ಮೊಬೈಲ್ ಹಾಡು ಕೇಳುತ್ತಿರುವಾಗ, ಆ ಮೌನ ಎಲ್ಲಿಗೆ ಹೋಯಿತು ಅನ್ನಿಸುತ್ತದೆ...

ಲಾಂಚಿನಣ್ಣ ಹೋದ ಸುದ್ದಿಯನ್ನು ತೀರ್ಥಹಳ್ಳಿಯ ತಾಯಿಗೆ ತಿಳಿಸಲು ಮನಸ್ಸು ಬಾರದೆ ದಿನ ತಳ್ಳುತ್ತಿದ್ದೆ. ಮೊನ್ನೆ ಅವರೇ ಫೋನು ಮಾಡಿ, "ಹೇಗಿದಾರೆ ಅವ್ರು?" ಎಂದು ಕೇಳಿದರು. ಹೇಳಿದೆ. ಆಚೆ ಕಡೆಯಿಂದ ಯಾವುದೋ ಪಾತ್ರೆ ಕೆಳಗಿಟ್ಟ ಸದ್ದು ಕೇಳಿತು.

"ಹಂಗಾದ್ರೆ ಆ ಬೆಟ್ಟ ಕಂಡೋರು ಇನ್ನು ನಮ್ ಕಡೆ ಯಾರೂ ಇಲ್ಲ, ಅಲ್ದಾ ಅಕ್ಕೋರೆ?"

"ಇಲ್ಲ ಅಮ್ಮಾ," ಎಂದೆ.

ಬಹಳ ಹೊತ್ತು ಇಬ್ಬರೂ ಫೋನು ಇಡಲಿಲ್ಲ.