ತೋಳದ ಪೆಟ್ಟಿಗೆಯಲ್ಲಿ ಕರಡಿ

ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಪ್ರಾಣಿಗಳ ತಲೆಬುರುಡೆ ಒರೆಸಿ, ಸಡಿಲವಾದ ಹಲ್ಲುಗಳನ್ನು ಅಂಟು ಹಾಕಿ ಕೂರಿಸುವುದು ಆಕೆಯ ಕೆಲಸ. ಎಲ್ಲರಿಗೂ ಅವಳು ಹಲ್ಲಕ್ಕ. ಹತ್ತೊಂಬತ್ತು ವರ್ಷದಿಂದ ಅದೇ ಕೋಣೆ. ಕಿಟಕಿಯಿಲ್ಲ, ಹೊರಗೆ ಮಳೆ ಬಂದದ್ದು ಮೆಟ್ಟಿಲಿಳಿದು ಬರುವವರ ಚಪ್ಪಲಿ ನೋಡಿದರೆ ತಿಳಿಯುತ್ತಿತ್ತು.

ಮೇಲಿನ ಟಿಕೆಟ್ ಕೌಂಟರಿಗೆ ಹಾಕಿ ಎಂದು ನಾಲ್ಕು ಸಲ ಅರ್ಜಿ ಕೊಟ್ಟಿದ್ದಳು. ಸಾಹೇಬರದು ಪ್ರತಿ ಸಲವೂ ಒಂದೇ ಮಾತು: "ನೀವು ಮೇಲೆ ಬಂದ್ರೆ ಕೆಳಗೆ ಯಾರಮ್ಮಾ ನೋಡ್ಕೋತಾರೆ? ನಮಗೆ ಕುರಿ ಯಾವ್ದು, ಮೇಕೆ ಯಾವ್ದು ಗೊತ್ತಾಗುತ್ತಾ?"

ಮನೆಯಲ್ಲಿ ತಂಗಿ ರೇಗಿದಳು. "ಇಷ್ಟು ಚೆನ್ನಾಗಿ ಮಾಡಿದ್ರೆ ಯಾಕೆ ಬಿಡ್ತಾರಕ್ಕಾ? ಒಂದ್ಸಲ ಕೆಡಿಸಿ ನೋಡು."

ಆ ಮಾತು ತಲೆ ಹೊಕ್ಕಿತು. ಸೋಮವಾರ ಬೆಳಿಗ್ಗೆ, ಬಾಗಿಲು ತೆರೆಯುವ ಮೊದಲೇ, ಮೇಲಿನ ಗಾಜಿನ ಪೆಟ್ಟಿಗೆಯಿಂದ ತೋಳದ ಬುರುಡೆ ತೆಗೆದು ಕರಡಿಯದನ್ನಿಟ್ಟಳು. ಯಾರಾದರೂ ಕಂಡುಹಿಡಿಯಲಿ, ಕೂಗಾಡಲಿ, ತನ್ನನ್ನು ನೆಲಮಾಳಿಗೆಯಿಂದ ಎತ್ತಿಹಾಕಲಿ.

ಮೂರು ದಿನ ಯಾರೂ ಗಮನಿಸಲಿಲ್ಲ. ಅವಳು ಮಾತ್ರ ಏನಾದರೊಂದು ನೆಪ ಮಾಡಿ ಮೇಲೆ ಹೋಗಿ ಹೋಗಿ ನೋಡಿ ಬರುತ್ತಿದ್ದಳು.

ನಾಲ್ಕನೆಯ ದಿನ ಶಾಲೆಯ ಮಕ್ಕಳು ಬಂದರು. "ಇದು ತೋಳ. ಕೋರೆಹಲ್ಲು ನೋಡಿ, ಬರೀ ಮಾಂಸ ತಿನ್ನುತ್ತೆ," ಎಂದರು ಮೇಷ್ಟ್ರು.

ಗಾಜಿಗೆ ಮೂಗೊತ್ತಿ ನಿಂತಿದ್ದ ಹುಡುಗಿ ಕೇಳಿದಳು: "ಹಾಗಾದ್ರೆ ದವಡೆಹಲ್ಲು ನಮ್ಮ ಥರ ಚಪ್ಪಟೆ ಯಾಕಿದೆ ಸಾರ್?"

ಮೇಷ್ಟ್ರು ಪೆಟ್ಟಿಗೆಯ ಮೇಲಿನ 'ತೋಳ' ಎಂಬ ಚೀಟಿಯನ್ನು ಮತ್ತೊಮ್ಮೆ ಓದಿದರು. ಕಂಬದ ಹಿಂದೆ ನಿಂತಿದ್ದ ಹಲ್ಲಕ್ಕ ಸುಮ್ಮನಿದ್ದಿದ್ದರೆ ಸಾಕಿತ್ತು, ಸಾಹೇಬರಿಗೆ ದೂರು ತಾನಾಗಿ ಹೋಗುತ್ತಿತ್ತು. ಆದರೆ ಅವಳಿಂದ ಆಗಲಿಲ್ಲ.

"ಅದು ಕರಡಿ ಕಂದಾ. ತೋಳದ ದವಡೆಹಲ್ಲು ಕತ್ತರಿ ಹಾಗಿರುತ್ತೆ, ಮಾಂಸ ಕತ್ತರಿಸಿ ನುಂಗುತ್ತೆ. ಕರಡಿ ಹಣ್ಣು, ಗೆಡ್ಡೆ, ಹುಳ ಎಲ್ಲಾ ತಿನ್ನುತ್ತೆ. ಅದಕ್ಕೇ ಜಜ್ಜೋ ಹಲ್ಲು. ಕುರಿಗಾದ್ರೆ ಮೇಲ್ಗಡೆ ಬಾಚಿಹಲ್ಲೇ ಇರಲ್ಲ, ಹುಲ್ಲು ಅರೆಯೋಕೆ ಹಿಂದೆ ಬೀಸೋಕಲ್ಲಿನಂಥ ಹಲ್ಲು."

ಮಕ್ಕಳೆಲ್ಲ ಬಾಯಿಗೆ ಬೆರಳಿಟ್ಟು ತಮ್ಮ ಹಲ್ಲು ತಡವಿಕೊಂಡರು. ಅಷ್ಟರಲ್ಲಿ ಸಾಹೇಬರೂ ಬಂದು ಕೇಳುತ್ತ ನಿಂತಿದ್ದರು.

"ಯಾರು ಇಟ್ಟಿದ್ದು ಇದನ್ನ?"

"ನಾನೇ ಸಾರ್. ಬೇಕಂತಲೇ."

ಅವರು ಗಟ್ಟಿಯಾಗಿ ನಕ್ಕರು. "ಯಾರನ್ನೋ ಉಳಿಸೋಕೆ ಹೇಳ್ತಿದೀರಿ. ನಿಮ್ಮಿಂದ ಇಂಥ ತಪ್ಪು ಆಗೋ ಮಾತೇ? ನೋಡಿ ಮೇಷ್ಟ್ರೇ, ಇವರನ್ನ ನಾನು ಹೇಗೆ ಬಿಡ್ಲಿ?"

ಮುಂದಿನ ವಾರ ನೆಲಮಾಳಿಗೆಗೆ ಹೊಸ ಮೇಜು ಬಂತು, ಇನ್ನೊಂದು ದೀಪ ಬಂತು. ಐದನೆಯ ಅರ್ಜಿಯನ್ನು ಅವಳು ಬರೆಯಲೇ ಇಲ್ಲ.