ಕಬುಕಿ ಅಜ್ಜನ ಬೆನ್ನ ಹಿಂದೆ

ಕತಾರಿನ ಅಲ್ ವಕ್ರಾದ ಫ್ಲ್ಯಾಟಿನಲ್ಲಿ ಗೆಜ್ಜೆ ಕಟ್ಟಿ ಕುಣಿಯುವುದೆಂದರೆ ಕೆಳಗಿನ ಮನೆಯವರನ್ನು ಜಗಳಕ್ಕೆ ಕರೆದ ಹಾಗೆ. ಆದರೂ ಶುಕ್ರವಾರ ಬೆಳಿಗ್ಗೆ ನಾನು ಕುಣಿಯದೆ ಬಿಡುತ್ತಿರಲಿಲ್ಲ. ವಾರವಿಡೀ ಆಫೀಸಿನಲ್ಲಿ ಕೊಟೇಶನ್ ತಿದ್ದುವವನಿಗೆ ಅದೊಂದೇ ಸುಖ. ದೋಹಾದ ನಮ್ಮ ಯಕ್ಷಗಾನ ಬಳಗದಲ್ಲಿ ಸ್ತ್ರೀವೇಷ ಅಂದರೆ ನಾನೇ; ಹೊಟ್ಟೆ ಬಂದ ಮೇಲೂ ನಾನೇ.

ಒಂದು ಶುಕ್ರವಾರ ಕರೆಗಂಟೆ ಸದ್ದು ಮಾಡಿತು. "ಬಂತು ನೋಡಿ ಕಂಪ್ಲೇಂಟ್, ಇನ್ನು ನೀವುಂಟು ಅವರುಂಟು" ಎಂದು ಹೆಂಡತಿ ಒಳಗೆ ಹೋದಳು. ಬಾಗಿಲಲ್ಲಿ ಕೆಳಮನೆಯ ಜಪಾನಿ ಮಹಿಳೆ, ಅವರ ಪಕ್ಕದಲ್ಲಿ ಗೋಡೆ ಹಿಡಿದು ನಿಂತ ಅವರ ತಂದೆ. "ಮೇಲೆ ಯಾರೋ ಗಂಡಸು ಹೆಂಗಸಿನ ಹೆಜ್ಜೆ ಹಾಕುತ್ತಿದ್ದಾನೆ, ನೋಡಲೇಬೇಕು ಅಂತ ಅಪ್ಪ ಹಟ ಹಿಡಿದಿದ್ದಾರೆ" ಎಂದು ಅವರು ಇಂಗ್ಲಿಷಿನಲ್ಲಿ, ತುಂಬ ನಾಚಿಕೊಂಡು ಹೇಳಿದರು.

ಮುದುಕರು ಕಬುಕಿ ಎಂಬ ಜಪಾನಿನ ಹಳೆಯ ನಾಟಕದ ನಟರು. ನಮ್ಮ ಯಕ್ಷಗಾನದ ಹಾಗೆ ಅಲ್ಲಿಯೂ ಹೆಣ್ಣಿನ ವೇಷ ಗಂಡಸರದ್ದೇ. ಅವರು ಜೀವನವಿಡೀ ಅದನ್ನೇ ಮಾಡಿದವರು. ಚಹಾ ಕುಡಿಯುತ್ತ ತಮ್ಮ ಕಥೆ ಹೇಳಿದರು, ಮಗಳು ಇಂಗ್ಲಿಷಿಗೆ ತಿರುಗಿಸಿದರು. ಕಬುಕಿಯಲ್ಲಿ ದೊಡ್ಡ ಪಾತ್ರಗಳೆಲ್ಲ ಕೆಲವು ಮನೆತನಗಳ ಮಕ್ಕಳಿಗೇ. ಇವರು ತರಕಾರಿ ಅಂಗಡಿಯವನ ಮಗ. ಹುಡುಗನಾಗಿ ಗುರುಗಳ ಮನೆ ಸೇರಿದಾಗ ಸಿಕ್ಕ ಮೊದಲ ಪಾತ್ರ ಕುದುರೆಯ ಹಿಂಗಾಲು. ಆಮೇಲೆ ಸಾಲಿನಲ್ಲಿ ನಿಲ್ಲುವ ದಾಸಿಯರಲ್ಲಿ ಕೊನೆಯವಳು. ತೊಡೆಗಳ ನಡುವೆ ಕಾಗದದ ಹಾಳೆ ಇಟ್ಟುಕೊಂಡು, ಅದು ಬೀಳದಂತೆ ನಡೆಯುವುದನ್ನು ವರ್ಷಗಟ್ಟಲೆ ಕಲಿತರಂತೆ. ಮುಖವಿರುವ ಪಾತ್ರ ಸಿಗುವಷ್ಟರಲ್ಲಿ ನಡುವಯಸ್ಸು ದಾಟಿತ್ತು. "ಅಜ್ಜನಾಗುವ ಕಾಲಕ್ಕೆ ಹರೆಯದ ಹುಡುಗಿಯಾದೆ" ಎಂದು ನಕ್ಕರು. ನಾನಾಗಿದ್ದರೆ ಹಿಂಗಾಲಿನ ದಿನವೇ ಮನೆಗೆ ಓಡಿಬರುತ್ತಿದ್ದೆ. ಅಂಥ ತಾಳ್ಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಏನೂ ಕೇಳದಿದ್ದರೂ ಮುಂದಿನದನ್ನೂ ಅವರೇ ಹೇಳಿದರು. ಎರಡು ವರ್ಷದ ಹಿಂದೆ ತುಂಬಿದ ಸಭೆಯೆದುರು ಮಂಡಿ ಕೈಕೊಟ್ಟು ರಂಗದ ಮೇಲೇ ಬಿದ್ದುಬಿಟ್ಟರು. ಅಂದು ಬಣ್ಣ ಒರೆಸಿದವರು ಮತ್ತೆ ಹಚ್ಚಲಿಲ್ಲ. ಮಗಳ ಮನೆಗೆ ಬಂದರು. ಇಲ್ಲೇ ಹುಟ್ಟಿದ ಪುಟ್ಟ ಮೊಮ್ಮಗಳಿಗೆ ಗೋಡೆ ಹಿಡಿದು ನಡೆಯುವ ಅಜ್ಜ ಮಾತ್ರ ಗೊತ್ತು. ಅವಳಿಗಾಗಿ, ಇಲ್ಲಿನ ಜಪಾನಿಯರ ವಸಂತದ ಕೂಟದಲ್ಲಿ ಒಂದು ಸಣ್ಣ ನೃತ್ಯಕ್ಕೆ ಒಪ್ಪಿಕೊಂಡಿದ್ದರು. "ಅವಳ ಕಣ್ಣೆದುರು ಬೀಳಬಾರದು, ಅಷ್ಟೇ" ಎಂದರು.

ಅದಕ್ಕೆ ನಾನು ಬೇಕಾಗಿತ್ತು. ಕಬುಕಿ ನಟನ ಬೆನ್ನ ಹಿಂದೆ ಒಬ್ಬ ಸಹಾಯಕ ರಂಗದ ಮೇಲೆಯೇ ಕೂತಿರುತ್ತಾನೆ. ಕಪ್ಪು ಬಟ್ಟೆ, ಮುಖಕ್ಕೂ ಕಪ್ಪು ಮುಸುಕು. ಬೀಸಣಿಗೆ ಕೊಡುವುದು, ಸೆರಗು ಸರಿಮಾಡುವುದು, ನಟ ಕೂರುವಾಗ ಸಣ್ಣ ಮಣೆಯಂಥ ಪೀಠ ಸರಿಸುವುದು ಅವನ ಕೆಲಸ. ಎಲ್ಲರಿಗೂ ಕಾಣುತ್ತಾನೆ, ಆದರೆ ಅವನು ಇಲ್ಲವೆಂದೇ ಎಲ್ಲರೂ ಒಪ್ಪಿಕೊಂಡಿರುತ್ತಾರೆ. ಇವರೂ ಗುರುಗಳ ಹಿಂದೆ ಬಹಳ ವರ್ಷ ಹಾಗೆ ಕೂತವರು. ಈ ಊರಿನಲ್ಲಿ ರಂಗದ ಮೇಲೆ ನಿಂತು ಗೊತ್ತಿರುವವನು ಬೇರೆ ಯಾರು ಸಿಗಬೇಕು ಅವರಿಗೆ?

ಮೊದಲ ಅಭ್ಯಾಸದಲ್ಲೇ ನಾನು ಎಡವಟ್ಟು ಮಾಡಿದೆ. ನಮ್ಮಲ್ಲಿ ಪೀಠಕ್ಕೆ ರಥವೆಂದೇ ಹೆಸರು. ಅದು ರಂಗಸ್ಥಳದ ನಡುವೆ ರಾಜಾರೋಷವಾಗಿ ಇರುತ್ತದೆ. ಆ ಠೀವಿಯಲ್ಲಿ ನಾನೂ ಪೀಠ ಎತ್ತಿಕೊಂಡು, ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಿ, ಕತ್ತು ಕೊಂಕಿಸಿ ತಂದಿಟ್ಟೆ. ಅಜ್ಜನಿಗೆ ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಮಗಳ ಮೂಲಕ ಹೇಳಿಸಿದರು: "ನೀನು ಪ್ರವೇಶ ಮಾಡುತ್ತಿದ್ದೀಯ. ಪ್ರವೇಶ ನನ್ನದು."

ನನಗೆ ಅಭಿಮಾನ ಸ್ವಲ್ಪ ಜಾಸ್ತಿ, ಮೈ ಉರಿಯಿತು. ಸಿಟ್ಟಿನಲ್ಲೇ ಕಲಿತೆ. ಮಂಡಿಯೂರಿ ಸರಿಯುವುದನ್ನು, ಉಸಿರು ಕೇಳಿಸದಂತೆ ಕೂರುವುದನ್ನು ಅವರು ಬೇಸರವಿಲ್ಲದೆ ತೋರಿಸಿದರು. ನಾನು ಅವರ ಕಾಲನ್ನೇ ನೋಡುತ್ತ ಕೂತರೆ ಬೈಯುತ್ತಿದ್ದರು. ಕಾಲು ತಡವಾಗಿ ಹೇಳುತ್ತದೆ, ಕತ್ತಿನ ಹಿಂಭಾಗ ನೋಡು ಎನ್ನುತ್ತಿದ್ದರು.

ಕೂಟದ ದಿನ ಚೌಕಿಯಲ್ಲಿ, ಅಂದರೆ ಸಭಾಂಗಣದ ಹಿಂದಿನ ಕೋಣೆಯಲ್ಲಿ, ಅವರು ಬಣ್ಣ ಹಚ್ಚಿಕೊಳ್ಳುವುದನ್ನು ನೋಡಿದೆ. ಎದ್ದು ನನ್ನ ಕಡೆ ತಿರುಗಿದಾಗ ಅಲ್ಲಿ ಮುದುಕನೇ ಇರಲಿಲ್ಲ. ಭುಜ ಇಳಿಸಿ, ಮೈಯನ್ನೆಲ್ಲ ಚಿಕ್ಕದು ಮಾಡಿಕೊಂಡ ಹುಡುಗಿಯೊಬ್ಬಳು ನಿಂತಿದ್ದಳು. ನಾನು ಇಷ್ಟು ವರ್ಷ ಉಟ್ಟಿದ್ದು ಸೀರೆ ಮಾತ್ರ ಎಂದು ಆಗ ತಿಳಿಯಿತು.

ಮೊಮ್ಮಗಳು ಮುಂದಿನ ಸಾಲಿನಲ್ಲಿ, ನನ್ನ ಹೆಂಡತಿಯ ಪಕ್ಕ ಕೂತಿದ್ದಳು. ನೃತ್ಯ ಅರ್ಧ ದಾಟಿತ್ತು. ಅಜ್ಜ ಬೀಸಣಿಗೆ ಬಿಚ್ಚಿ ನಿಧಾನ ಸುತ್ತಬೇಕಾದ ಕಡೆ ಬಿಳಿ ಬಣ್ಣ ಬಳಿದ ಆ ಕತ್ತು ಒಮ್ಮೆಲೇ ಬಿಗಿಯಿತು. ನನ್ನ ಕೈ ಆಗಲೇ ಪೀಠ ಸರಿಸಿಯಾಗಿತ್ತು. ಮಂಡಿ ಮಡಚಿಕೊಂಡಿತು, ಅವರು ಕೂತರು. ಬಿದ್ದರು ಅನ್ನಬೇಕು, ಆದರೆ ಕೂತಂತೆಯೇ ಇತ್ತು. ಕೂತಲ್ಲಿಂದಲೇ ಬೀಸಣಿಗೆಯನ್ನು ಕೆನ್ನೆಗೆ ಒತ್ತಿ, ದೂರದಲ್ಲಿ ಯಾರೋ ಬರುತ್ತಿದ್ದಾರೆಂಬಂತೆ ನೋಡಿದರು. ಅಭ್ಯಾಸದಲ್ಲಿ ಇಲ್ಲದ್ದು ಅದು. ನಾನು ಹಿಂದಿನಿಂದ ನಡುಪಟ್ಟಿಯನ್ನು ಗಟ್ಟಿಯಾಗಿ ಹಿಡಿದೆತ್ತಿದೆ. ಎದ್ದರು, ಉಳಿದದ್ದನ್ನೂ ಮುಗಿಸಿದರು. ಒಳಗೆ ಬಂದ ಮೇಲೆ ನನ್ನ ಮಣಿಕಟ್ಟು ಹಿಡಿದವರು ಬಹಳ ಹೊತ್ತು ಬಿಡಲೇ ಇಲ್ಲ. "ನಾನು ಬಿದ್ದದ್ದನ್ನು ಅವಳು ನೋಡಿದಳೇ?" ಎಂದು ಮಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಮಗಳಿಗೂ ಗೊತ್ತಿರಲಿಲ್ಲ.

ಮನೆಗೆ ಹೋಗುವಾಗ ಕಾರಿನಲ್ಲಿ ಹೆಂಡತಿ ಮೊಬೈಲ್ ನೋಡುತ್ತ, "ಎಂತ ಮಾರಾಯ್ರೆ, ಇಡೀ ವಿಡಿಯೋದಲ್ಲಿ ನೀವು ಕಾಣುವುದೇ ಇಲ್ಲವಲ್ಲ! ಊರಿಗೆ ಎಂತ ಕಳಿಸುವುದು?" ಎಂದಳು. ನನಗೆ ಸಿಕ್ಕ ಹೊಗಳಿಕೆಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ಮುಂದಿನ ಶುಕ್ರವಾರ ಅಜ್ಜನನ್ನು ನೋಡಲು ಕೆಳಗೆ ಹೋದೆ. ಸೋಫಾದಲ್ಲಿ ಕೂತಿದ್ದರು. ಎದುರಿಗೆ ಮೊಮ್ಮಗಳು ಅಮ್ಮನ ಶಾಲು ಸುತ್ತಿಕೊಂಡು, ಶಾಲೆಯ ರಟ್ಟಿನ ಕಡತವನ್ನೇ ಬೀಸಣಿಗೆ ಮಾಡಿಕೊಂಡು ಅದೇ ನೃತ್ಯ ಮಾಡುತ್ತಿದ್ದಳು. "ಅಂಕಲ್, ನೋಡಿ, ಇದು ಬೆಸ್ಟ್ ಪಾರ್ಟ್!" ಎಂದಳು. ನಿಧಾನ ಸುತ್ತಬೇಕಾದ ಕಡೆ ಸುತ್ತಲಿಲ್ಲ. ಮಂಡಿ ಮಡಚಿ ಧೊಪ್ಪೆಂದು ನೆಲಕ್ಕೆ ಕೂತು, ಕಡತವನ್ನು ಕೆನ್ನೆಗೊತ್ತಿ ದೂರ ನೋಡಿದಳು.

ನನಗೆ ಅಜ್ಜನ ಮುಖ ನೋಡಲು ಭಯವಾಯಿತು. ಅವರು ಸೋಫಾದ ಅಂಚಿಗೆ ಸರಿದು ಕೂತರು. ಮೊಮ್ಮಗಳಿಗೆ ಜಪಾನಿಯಲ್ಲಿ ಏನೋ ಹೇಳಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಕಣ್ಣೊರೆಸಿಕೊಂಡು ನನಗೆ ತಿಳಿಸಿದರು:

"ಅಷ್ಟು ಬೇಗ ಕೂರಬಾರದಂತೆ. ಇನ್ನೊಮ್ಮೆ ಮಾಡು, ಹೇಳಿಕೊಡುತ್ತೇನೆ ಅಂತಿದ್ದಾರೆ."