ಅಣ್ಣನ ಪಾಯದಡಿಯ ಫಿರಂಗಿ

ಹಳೆಯ ವಸ್ತುಗಳನ್ನು ಹುಡುಕುವ ಹುಚ್ಚು ನನಗೆ ಮೊದಲಿನಿಂದಲೂ ಇದೆ. ವಾರವೆಲ್ಲ ಮಾಲೂರಿನಿಂದ ರೈಲು ಹಿಡಿದು ಕೆಲಸಕ್ಕೆ ಹೋಗುವವಳು, ಭಾನುವಾರ ಹುತ್ತೂರಿನ ಹತ್ತಿರದ ತವರಿಗೆ ಹೋಗಿ ಹೊಲ, ಕೆರೆಯಂಗಳ ಸುತ್ತುತ್ತೇನೆ. ಹಾಗೆ ಸುತ್ತುವಾಗಲೇ ದೊಡ್ಡಪ್ಪನ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮೂರು ಕಬ್ಬಿಣದ ತುಂಡುಗಳು ಸಿಕ್ಕಿದ್ದು.

ದೊಡ್ಡಪ್ಪನ ಮಗ, ನಾನು ಅಣ್ಣ ಎನ್ನುವವನು, ನೆಂಟರ ಮುಂದೆಯೇ ನಕ್ಕ. "ಹಳೇ ಕಬ್ಬಿನ ಗಾಣದ ರೋಲರ್ ಕಣೇ ಅದು. ಗಂಡನ ಮನೇಲಿ ಕೆಲ್ಸ ಇಲ್ವಾ ನಿಂಗೆ, ಗುಜರಿ ಆಯೋಕೆ ಬಂದಿದ್ದೀಯ?"

ಹಿತ್ತಿಲಲ್ಲಿ ಕೂತು ತುಕ್ಕು ಕೆರೆದೆ. ಕಬ್ಬಿಣದ ಗೋಡೆ ಮೂರು ಬೆರಳು ದಪ್ಪ. ಒಳಗಿನ ಕೊಳವೆ ಕಿರಿದು, ನುಣುಪು. ಒಂದು ತುಂಡಿನ ಪಕ್ಕಕ್ಕೆ ಮೊಂಡು ಗೂಟ ಚಾಚಿತ್ತು. ಇನ್ನೊಂದರಲ್ಲಿ ತುಕ್ಕು ತುಂಬಿದ ಚಿಕ್ಕ ಗುಳಿ. ಗೋಣಿ ಹೊಲಿಯುವ ದಬ್ಬಳ ಚುಚ್ಚಿದರೆ ಸೀದಾ ಕೊಳವೆಗೆ ಇಳಿಯಿತು. ಮದ್ದಿಗೆ ಬೆಂಕಿ ಮುಟ್ಟಿಸುವ ತೂತು! ಗೂಟವೋ, ಬಂಡಿಯ ಮೇಲೆ ಕೂರಿಸುವುದಕ್ಕೆ. ಗಾಣಕ್ಕೆ ಇವೆರಡೂ ಯಾಕೆ? ಅದು ಫಿರಂಗಿಯೇ. ಓಡಿಹೋಗಿ ಅಣ್ಣನಿಗೂ ಹೇಳಿದೆ.

ಮುಂದಿನ ಭಾನುವಾರ ಹೋದರೆ ಹಿತ್ತಿಲು ಖಾಲಿ. ಅಣ್ಣ ಅವನ್ನು ಗುಜರಿಯವನಿಗೆ ಕೊಟ್ಟು ಪ್ಲಾಸ್ಟಿಕ್ ಟಬ್ ತೆಗೆದುಕೊಂಡಿದ್ದ. "ನಿನ್ ಫಿರಂಗೀಲಿ ದನ ನೀರು ಕುಡೀತವೆ, ನೋಡ್ಕೋ" ಎಂದ. ನಾನು ಅಳಲಿಲ್ಲ, ಜಗಳವಾಡಲಿಲ್ಲ. ಗುಜರಿ ಅಂಗಡಿಯ ರಾಶಿ ಕೆದಕಿ, ಗೂಟದ ತುಂಡನ್ನೂ ತೂತಿನ ತುಂಡನ್ನೂ ವಾಪಸು ತಂದೆ. ಮೂರನೆಯದು ಕರಗಿಸಲು ಹೋಗಿಯಾಗಿತ್ತು. ಅವತ್ತೇ ಹಲ್ಲು ಕಚ್ಚಿ ಕಾಯತೊಡಗಿದೆ.

ಆ ಬದುವಿನ ಪಕ್ಕದಲ್ಲೇ ಅಣ್ಣ ಮನೆ ಕಟ್ಟಲು ಹೊರಟ. ನಾನು ಎರಡೂ ತುಂಡುಗಳನ್ನು ಚೀಲದಲ್ಲಿ ಹೊತ್ತು ಪುರಾತತ್ವ ಇಲಾಖೆಗೆ ಹೋದೆ. ಗುದ್ದಲಿ ಪೂಜೆ ಯಾವತ್ತು ಎಂಬುದನ್ನೂ ಹೇಳಿಬಂದೆ.

ಪೂಜೆ ಮುಗಿದು, ಕುಂಕುಮ ಹಚ್ಚಿದ ಜೆಸಿಬಿ ಮಣ್ಣಿಗೆ ಬಾಯಿ ಹಾಕುವಷ್ಟರಲ್ಲಿ ಅಧಿಕಾರಿಗಳು ಬಂದು ನಿಲ್ಲಿಸಿದರು. ಅಣ್ಣನ ಮುಖ ಕಪ್ಪಿಟ್ಟಿತು. "ಯಾವನ್ಲಾ ಹೇಳಿದ್ದು ಇವ್ರಿಗೆ?"

"ನಾನೇ ಕಣಣ್ಣ. ಗಾಣದ ರೋಲರ್ ತೋರ್ಸೋಣ ಅಂತ ಕರೆಸ್ದೆ."

ನೆಂಟರೆಲ್ಲ ಅಲ್ಲೇ ಇದ್ದರು. ಯಾರೋ ಕಿಸಕ್ಕನೆ ನಕ್ಕರು. ಆ ನಗು ಅವನಿಗೆ ಕೇಳಿಸಿತೇ ಎಂದು ಅವನ ಮುಖವನ್ನೇ ನೋಡಿದೆ. ಕೇಳಿಸಿತ್ತು.

ಅಗೆದಾಗ ಫಿರಂಗಿಯ ಬಾಯಿಯ ಭಾಗ ಸಿಕ್ಕಿತು. ಜಾಗದ ಸುತ್ತ ಬೇಲಿ ಬಿತ್ತು. ಕೊನೆಗೆ ಅಣ್ಣ ಕೆರೆ ಕೋಡಿಯ ಕಡೆ, ತೇವದ ಮೂಲೆಯಲ್ಲಿ ಮನೆ ಕಟ್ಟಬೇಕಾಯಿತು.

"ಜೊತೇಲಿ ಬೆಳೆದೋನ ಮೇಲೆ ಇಷ್ಟು ಹಗೆ ಬೇಕಿತ್ತೇನೇ?" ಎಂದರು ದೊಡ್ಡಮ್ಮ.

"ಬೇಕಿತ್ತು ದೊಡ್ಡಮ್ಮ" ಎಂದೆ.

ಗೃಹಪ್ರವೇಶಕ್ಕೆ ನನ್ನನ್ನು ಕರೆಯಲಿಲ್ಲ. ಗೋಡೆಗಳಿಗೆ ಆಗಲೇ ಬೂಷ್ಟು ಹಿಡಿದಿದೆಯಂತೆ. ಆ ಸುದ್ದಿ ಕೇಳಿದ ದಿನ ಎರಡು ತುತ್ತು ಹೆಚ್ಚೇ ಉಂಡೆ.